ಸಂದಿನ ಅಳತೆ

ವಾಡಿ,
ರವಿವಾರ, 18 ಆಗಸ್ಟ್ 2002

ಪ್ರೀತಿಯ ಕಿಶೋರಣ್ಣನಿಗೆ,

ನಿನ್ನ ತಂಗಿ ವಂದನಾಳ ನಮಸ್ಕಾರಗಳು. ನಾವೆಲ್ಲ ಇಲ್ಲಿ ಆರಾಮಾಗಿದ್ದೇವೆ. ನಿನ್ನ ಸಕ್ಕರೆ ಕಾಯಿಲೆ ಹೇಗಿದೆ? ಬೆಳಿಗ್ಗೆ ನಿಜವಾಗಿಯೂ ನಡೆಯಲು ಹೋಗುತ್ತೀಯೋ, ಇಲ್ಲ ಹೋಗಿಬಂದೆ ಎಂದು ವೈನಿಗೆ ಹೇಳಿ ಮೂಲೆಯ ಇರಾನಿ ಹೋಟೆಲಿನಲ್ಲಿ ಚಹಾ ಕುಡಿದು ತಿರುಗಿ ಬರುತ್ತೀಯೋ? ನಿನ್ನ ಮಾತನ್ನು ನಂಬುವುದು ನಾನು ಬಿಟ್ಟು ಬಹಳ ವರ್ಷವಾಯಿತು, ಆದರೆ ಪಾಪ, ನಿನ್ನನ್ನು ಕಟ್ಟಿಕೊಂಡ ಪ್ರಮಿತಾ ವೈನಿ ಇನ್ನೂ ನಂಬುತ್ತಾರೆ. ಅವರ ಮೊಣಕಾಲಿಗೆಂದು ಅವ್ವ ಎಣ್ಣೆ ಕಾಸಿ ಇಟ್ಟಿದ್ದಾಳೆ, ಯಾರಾದರೂ ಬಂದರೆ ಕಳಿಸುತ್ತಾಳಂತೆ. ಶಹಾಬಾದಿನ ಮನೆಯಲ್ಲಿ ಅಪ್ಪ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಪಂಚಾಂಗದ ಸಣ್ಣ ಅಕ್ಷರವನ್ನೂ ಓದುತ್ತಿದ್ದಾರೆ. ನಮ್ಮ ಮನೆಯವರು ಎಂದಿನಂತೆ ಪ್ಯಾಸೆಂಜರ್ ಗಾಡಿಯಲ್ಲಿ ಚಿತ್ತಾಪುರದ ಹೈಸ್ಕೂಲಿಗೆ ಹೋಗಿ ಬರುತ್ತಾರೆ. ಪಂಚಮಿಗೆ ನೀನು ನನ್ನನ್ನು ಕರೆಯಲು ಬರಲಿಲ್ಲ. ಕೆಲಸ ಬಹಳ ಎಂದೆಯಂತೆ. ನಾನೇ ಉಂಡಿ ಕಟ್ಟಿ ಕಳಿಸಿದ್ದೆ, ಮುಟ್ಟಿರಬೇಕು. ಬೆಲ್ಲದವು ಮಕ್ಕಳಿಗೆ, ನಿನಗಲ್ಲ.

ಈಗ ಸುದ್ದಿ. ಮೊನ್ನೆ ನೀನು ಅವ್ವನಿಗೆ ಫೋನ್ ಮಾಡಿ, "ಅವ್ವಾ, ವಾಡಿ ಫ್ಯಾಕ್ಟರಿಯವ್ರು ನನ್ನ ಪುಸ್ತಕದ ಸಲುವಾಗಿ ಇಲ್ಲೀತನಾ ಬರ್ಲಿಕತ್ತಾರ, ನಮ್ಮ ದೊಡ್ಡ ಸಾಹೇಬ್ರೂ ಮೀಟಿಂಗಿನಾಗ ಕೂಡ್ತಾರ" ಎಂದು ಹೇಳಿದೆಯಂತೆ. ಅವ್ವ ಅದನ್ನು ಓಣಿಯ ಉದ್ದಕ್ಕೂ ಹಂಚಿದ್ದಾಳೆ. ಈ ಮಂಗಳವಾರದ ಆ ಮೀಟಿಂಗ್ ಕಳೆದರೆ ನಿನ್ನನ್ನು ಹೈದರಾಬಾದಿನ ನಿಮ್ಮ ಆಫೀಸಿನ ಪೈಪಿಂಗ್ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡುತ್ತಾರೆ ಎಂಬುದೂ ಓಣಿಗೆಲ್ಲ ಗೊತ್ತು. ಆದರೆ ಸಭೆ ಯಾಕೆಂದು ನಿನಗೇ ಗೊತ್ತಿಲ್ಲ. ನಮ್ಮ ಸಿಮೆಂಟ್ ಫ್ಯಾಕ್ಟರಿಯ ಪ್ರಾಜೆಕ್ಟ್ ಮ್ಯಾನೇಜರ್ ಬಸವಂತರಾಯರು ಕಳಿಸಿದ ಫ್ಯಾಕ್ಸಿನಲ್ಲಿ, ಪುಸ್ತಕ ಬರೆದವರು ಖುದ್ದಾಗಿ ಹಾಜರಿರಬೇಕು ಎಂದಷ್ಟೇ ಇದೆ. ಆ ಸಾಲನ್ನು ಬರೆದುಕೊಟ್ಟವಳು ನಾನು. ನಿನ್ನ ಪುಸ್ತಕ ಕೊಳ್ಳಲು ಯಾರೂ ಬರುತ್ತಿಲ್ಲ, ಅಣ್ಣ. ನಿನಗೆ ಒಂದು ಪ್ರಶ್ನೆ ಕೇಳಲು ಬರುತ್ತಿದ್ದಾರೆ. ಉತ್ತರ ಗೊತ್ತಿದ್ದರೆ ಆ ಕುರ್ಚಿ ನಿನ್ನದು. ಗೊತ್ತಿಲ್ಲದಿದ್ದರೆ ಕುರ್ಚಿಯ ಮಾತು ಹಾಗಿರಲಿ, ಇದ್ದ ಹೆಸರೂ ಹೋಗುತ್ತದೆ. ಉತ್ತರವನ್ನು ಈ ಪತ್ರದಲ್ಲಿಯೇ ಬರೆಯುತ್ತೇನೆ. ಅದಕ್ಕೂ ಮೊದಲು ಸ್ವಲ್ಪ ಹಳೆಯದನ್ನು ಓದಬೇಕಾಗುತ್ತದೆ. ಹಾಳೆ ತಿರುವಿ ಕೊನೆಗೆ ಹೋಗಬೇಡ, ನಿನ್ನ ಚಟ ನನಗೆ ಗೊತ್ತು.

ನಾನು ಗುಲ್ಬರ್ಗದ ಪಾಲಿಟೆಕ್ನಿಕ್ ಮುಗಿಸಿ ಇಲ್ಲಿಯ ಡ್ರಾಯಿಂಗ್ ಆಫೀಸಿಗೆ ಸೇರಿದಾಗ ಕಾರ್ಖಾನೆಯಲ್ಲಿ ಪೈಪಿನ ನಕ್ಷೆ ಎಂದರೆ ಯಾರಿಗೂ ಬೇಡವಾದ ಕೆಲಸ. ಒಂದು ವಾಲ್ವ್ ಇಂಗ್ಲೆಂಡಿನದು, ಪಕ್ಕದ್ದು ಜರ್ಮನಿಯದು, ಅದರಾಚೆಯದು ಕೊಯಮತ್ತೂರಿನದು. ಕಂಪನಿಗಳ ಕ್ಯಾಟಲಾಗುಗಳನ್ನು ಗೆದ್ದಲು ತಿಂದಿತ್ತು. ಒಂದು ವಾಲ್ವ್ ಕೆಟ್ಟರೆ ಅದರ ಜಾಗಕ್ಕೆ ಎಷ್ಟು ಉದ್ದದ್ದು ತರಬೇಕೆಂದು ಹೇಳುವವರಿರಲಿಲ್ಲ. ವರ್ಷಕ್ಕೊಮ್ಮೆ ಕಾರ್ಖಾನೆ ನಿಲ್ಲಿಸಿ ದುರಸ್ತಿ ಮಾಡುವಾಗ ನಾನು ಟೇಪು ಹಿಡಿದು ಫಿಟ್ಟರ್‌ಗಳ ಹಿಂದೆ ಅಲೆಯುತ್ತಿದ್ದೆ. ಸೀರೆಗೆ ಗ್ರೀಸು, ತಲೆಗೆ ಸಿಮೆಂಟು. ಅಬ್ದುಲ್ ಮಜೀದ ಸಾಹೇಬರು ಆಗ ಫಿಟ್ಟರ್‌ಗಳಿಗೆಲ್ಲ ಹಿರಿಯರು. ಬಿಚ್ಚಿ ಕೆಳಗಿಟ್ಟ ವಾಲ್ವನ್ನು ನಾನು ಅಳೆಯಲು ಹೋದರೆ, "ವಾಲ್ವ್ ಅಳಿಬ್ಯಾಡ್ರಿ ಮೇಡಂ, ಸಂದು ಅಳೀರಿ. ವಾಲ್ವ್ ಸವದಿರ್ತದ, ಸಂದು ಸುಳ್ಳ ಹೇಳಂಗಿಲ್ಲ" ಎನ್ನುತ್ತಿದ್ದರು. ವಾಲ್ವ್ ತೆಗೆದ ಮೇಲೆ ಎರಡು ಕಡೆಯ ಪೈಪುಗಳ ನಡುವೆ ಉಳಿಯುವ ಜಾಗ, ಅದೇ ಸಂದು. ನಾವು ಹಾಗೆಯೇ ಅಳೆದೆವು. ಇಲ್ಲಿ ಎಲ್ಲರೂ ಹಾಗೆಯೇ ಅಳೆಯುತ್ತಾರೆ, ಆದ್ದರಿಂದ ಅದನ್ನು ಬರೆದಿಡಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಹೀಗೆ ಕೆಲವು ವರ್ಷಗಳಲ್ಲಿ ನನ್ನ ಕೋಷ್ಟಕಗಳು ಬೆಳೆದವು. ಬರೀ ಉದ್ದವಲ್ಲ. ಪೈಪಿನ ತುದಿಗೆ ಬಳೆಯಂತೆ ಕೂತಿರುವ ಫ್ಲ್ಯಾಂಜು ಯಾವ ಅಳತೆಯದಾದರೆ ಎಷ್ಟು ಬೋಲ್ಟು, ಆ ಬೋಲ್ಟಿಗೆ ಯಾವ ಪಾನಾ, ಪಾನಾ ತಿರುಗಿಸಲು ಗೋಡೆಯಿಂದ ಎಷ್ಟು ಜಾಗ ಬಿಡಬೇಕು. ವಾಲ್ವ್ ಪೂರ್ತಿ ತೆರೆದಾಗ ಅದರ ದಂಡ ಎಷ್ಟು ಮೇಲೆ ಬರುತ್ತದೆ. ನೀರು ತುಂಬಿದ ಪೈಪಿನ ತೂಕವೆಷ್ಟು, ಎಷ್ಟು ದೂರಕ್ಕೊಂದು ಆಸರೆ ಕೊಡಬೇಕು. ಪುಸ್ತಕ ಓದಿದವರಿಗೆ ಇದರಲ್ಲಿ ಅರ್ಧ ಗೊತ್ತಿರುತ್ತದೆ, ಮೆಟ್ಟಿಲು ಹತ್ತಿದವರಿಗೆ ಇನ್ನರ್ಧ. ಎರಡೂ ಒಂದೇ ಕಡೆ ಸಿಗಬೇಕು ಎಂಬುದು ನನ್ನ ಹಟ. ಟ್ರೇಸಿಂಗ್ ಹಾಳೆಯಲ್ಲಿ ಇಂಕಿನಿಂದ ಬರೆದು, ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ. ಹೊಸದಾಗಿ ಸೇರಿದವರು ಕೂಡ ಅದನ್ನು ನೋಡಿ ಮಧ್ಯಾಹ್ನದೊಳಗೆ ನಕ್ಷೆ ಮುಗಿಸುತ್ತಿದ್ದರು. ನನಗೆ ಭಾರಿ ಹೆಮ್ಮೆಯಿತ್ತು. ಮುಚ್ಚಿಡುವುದೇಕೆ, ಈಗಲೂ ಇದೆ.

ತೊಂಬತ್ತಾರರ ದೀಪಾವಳಿಗೆ ನೀನು ಬಂದೆ. ಆಗ ನೀನು ಪಂಪು ಮಾರುವ ಕಂಪನಿ ಬಿಟ್ಟು ಹೈದರಾಬಾದಿನ ಡಿಸೈನ್ ಆಫೀಸಿಗೆ ಸೇರಿದ್ದೆ, ಪೈಪಿನ ಕೆಲಸದ ಗಂಧವಿರಲಿಲ್ಲ. "ವಂದೂ, ನಿನ್ನ ಚಾರ್ಟ್ ಒಂದ್ ವಾರ ಕೊಡವಾ, ಝೆರಾಕ್ಸ್ ಮಾಡಿಸಿ ಕಳಸ್ತೀನಿ" ಎಂದೆ. ಹೊಸ ಕೆಲಸದಲ್ಲಿ ಅಣ್ಣನ ಮರ್ಯಾದೆ ಉಳಿಯಲಿ ಎಂದು ನಾನೇ ಸುರುಳಿ ಸುತ್ತಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿ ಕೊಟ್ಟೆ. ಚಾರ್ಟು ಹಿಂದಿರುಗಿ ಬರಲಿಲ್ಲ. ಎರಡನೆಯ ವರ್ಷ ಪುಸ್ತಕ ಬಂತು. ಅದನ್ನು ಕೂಡ ನೀನು ಕೊಡಲಿಲ್ಲ, ವಾಲ್ವ್ ಮಾರುವವನೊಬ್ಬ ನಮ್ಮ ಆಫೀಸಿಗೆ ಹೊಸ ವರ್ಷದ ಕಾಣಿಕೆಯಾಗಿ ಕೊಟ್ಟು ಹೋದ. ಜೇಬಿಗೆ ಹಿಡಿಸುವ ಅಳತೆ, ನೀಲಿ ರಟ್ಟು, ಮೇಲೆ ನಂದಕಿಶೋರ್ ಎಂದು ಬಂಗಾರದ ಅಕ್ಷರ. ಒಳಗೆ ತೆರೆದರೆ ನನ್ನವೇ ಕೋಷ್ಟಕಗಳು, ನನ್ನವೇ ಶೀರ್ಷಿಕೆಗಳು, ಅದೇ ಕ್ರಮ. ತಂದೆತಾಯಿಗಳಿಗೆ ಅರ್ಪಣೆ, ಗುರುಗಳಿಗೆ ಕೃತಜ್ಞತೆ, ಮುದ್ರಕನಿಗೂ ಒಂದು ಧನ್ಯವಾದ. ತಂಗಿ ಎಂಬ ಶಬ್ದಕ್ಕೆ ಮಾತ್ರ ಜಾಗ ಸಾಲಲಿಲ್ಲ. ಒಂದು ಕಡೆ ನಕ್ಕೂಬಿಟ್ಟೆ. ವಾಲ್ವಿನ ಕೈಚಕ್ರ ಎಷ್ಟು ಎತ್ತರದಲ್ಲಿರಬೇಕು ಎನ್ನುವಲ್ಲಿ ನಾನು "ಮಜೀದ ಸಾಹೇಬರ ಎದೆಮಟ್ಟ" ಎಂದು ಬರೆದು ಅಳತೆ ಹಾಕಿದ್ದೆ. ನೀನು ಅದನ್ನು "ಸಾಮಾನ್ಯ ಕಾರ್ಮಿಕನ ಎದೆಮಟ್ಟ" ಎಂದು ಮಾಡಿದ್ದೀ. ಮಜೀದ ಸಾಹೇಬರು ಆರಡಿಯ ಮೇಲಿನ ಆಳು. ನೀನು ಡಿಸೈನ್ ಮಾಡಿದ ಕಾರ್ಖಾನೆಗಳಲ್ಲಿ ಪಾಪ, ಸಾಮಾನ್ಯ ಕಾರ್ಮಿಕರು ಇಟ್ಟಿಗೆ ಮೇಲೆ ನಿಂತು ವಾಲ್ವ್ ತಿರುಗಿಸುತ್ತಿರಬೇಕು.

ಶಹಾಬಾದಿಗೆ ಓಡಿ ಹೋಗಿ ಅವ್ವನ ಮುಂದೆ ಅತ್ತೆ. ಅವ್ವ ಅಕ್ಕಿ ಆರಿಸುವುದನ್ನು ಕೂಡ ನಿಲ್ಲಿಸಲಿಲ್ಲ. "ಅಣ್ಣಂದು ಹೆಸರಾದ್ರ ನಮ್ಮ ಮನೀದೇ ಹೆಸರಲ್ಲೇನು? ಹೆಣ್ಮಕ್ಕಳು ಇಷ್ಟಕ್ಕೆಲ್ಲಾ ಲೆಕ್ಕ ಇಡಬಾರ್ದವಾ" ಎಂದಳು. ಅಪ್ಪ ಪುಸ್ತಕವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದರು. ಗಣಿತ ಕಲಿಸಿದ ಮಾಸ್ತರರು, ಮಗ ಅಂಕಿಗಳ ಪುಸ್ತಕ ಬರೆದನಲ್ಲ ಎಂದು ಅವರಿಗೆ ಕಣ್ಣೀರು. ಆ ಅಂಕಿಗಳು ಮಗಳವು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ತವರಿಗೆ ಹೋದಾಗಲೆಲ್ಲ ನಾನು ದೇವರಿಗೆ ಕೈ ಮುಗಿದರೆ ನಿನ್ನ ಪುಸ್ತಕಕ್ಕೂ ಕೈ ಮುಗಿದಂತಾಗುತ್ತದೆ. ನಿನ್ನ ಮೇಲೆ ನನಗೆ ಸಿಟ್ಟು ಬಂದದ್ದು ಪುಸ್ತಕ ನೋಡಿದ ದಿನವಲ್ಲ. ದೇವರ ಮನೆಯಲ್ಲಿ ನಿಂತಾಗ ಬಂತು, ಬಂದದ್ದು ಹೋಗಲಿಲ್ಲ.

ಆದರೂ ಅಣ್ಣನಲ್ಲವೇ ಎಂದು ನುಂಗಿಕೊಂಡೆ. ಸಿಕಂದರಾಬಾದಿನ ಸಂದರ್ಶನ ನಡೆಯದೇ ಇದ್ದರೆ ನುಂಗಿಕೊಂಡೇ ಇರುತ್ತಿದ್ದೆ. ದೊಡ್ಡ ಕಂಪನಿ, ಡಿಸೈನರ್ ಹುದ್ದೆ. ನಮ್ಮ ಮನೆಯವರು ಆ ಕಡೆ ವರ್ಗಾವಣೆ ಆಗದಿದ್ದರೂ ಚಿಂತೆಯಿಲ್ಲ, ವಾರಕ್ಕೊಮ್ಮೆ ಬಂದು ಹೋಗುತ್ತೇನೆ ಎಂದಿದ್ದರು. ಅಲ್ಲಿ ಕೂತವರು ಮೇಜಿನ ಮೇಲೆ ನಿನ್ನ ನೀಲಿ ಪುಸ್ತಕ ಇಟ್ಟುಕೊಂಡೇ ಪ್ರಶ್ನೆ ಕೇಳಿದರು. ನಾನು ಪುಸ್ತಕ ನೋಡದೆ ಉತ್ತರ ಹೇಳುತ್ತ ಹೋದೆ. ಇಷ್ಟು ಹೇಗೆ ಗೊತ್ತು ಎಂದರು. ಇವು ನನ್ನ ಕೋಷ್ಟಕಗಳು ಎಂದೆ. ಅವರು ಮುಖ ಮುಖ ನೋಡಿಕೊಂಡು, ನನ್ನೆದುರಿಗೇ ನಿನಗೆ ಫೋನ್ ಹಚ್ಚಿದರು. ನಿನಗೆ ನೆನಪಿರಬೇಕು. ನೀನು ಹಿಂದಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಹೌದು, ನನ್ನ ತಂಗಿಯೇ, ಹುಡುಗಿ ಜಾಣೆ, ನನ್ನ ಪುಸ್ತಕವನ್ನು ಬಾಯಿಪಾಠ ಮಾಡಿದ್ದಾಳೆ ಎಂದು ನಕ್ಕೆ. ಅವರೂ ನಕ್ಕರು. ಸುಳ್ಳುಗಾತಿಗೆ ಕೊಡುವ ಮರ್ಯಾದೆ ಕೊಟ್ಟು ಚಹಾ ಕುಡಿಸಿ ಕಳಿಸಿದರು. ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸುಮ್ಮನಿದ್ದಿದ್ದರೂ ಸಾಕಿತ್ತು. ಹಬ್ಬಕ್ಕೆ ಬಂದಾಗ ಕೇಳಿದರೆ, "ಫೋನಿನಾಗ ಏನಂತ ಹೇಳ್ಲಿ, ನನ್ನ ಪೊಸಿಷನ್ ನೋಡಬೇಕಲ್ಲ" ಎಂದೆ. ಅಂದು ನನಗೂ ಒಂದು ಪೊಸಿಷನ್ ಬರಬೇಕು, ಇವನಿಗೆ ತೋರಿಸಬೇಕು ಎಂದುಕೊಂಡೆ.

ಬಂತು. ಈಗ ನಾನಿಲ್ಲಿ ಹೊರಗಿನವರು ಮಾಡಿ ಕಳಿಸಿದ ನಕ್ಷೆಗಳನ್ನು ತಪಾಸಣೆ ಮಾಡುವವಳು. ನನ್ನ ಸಹಿ ಬೀಳದೆ ಒಂದು ಪೈಪೂ ಕತ್ತರಿಸುವಂತಿಲ್ಲ. ಹೊಸ ವಿದ್ಯುತ್ ಘಟಕದ ಪೈಪುಗಳ ಗುತ್ತಿಗೆ ನಿಮ್ಮ ಆಫೀಸಿಗೆ ಸಿಕ್ಕಿತು. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ? ನಿನ್ನ ನಕ್ಷೆಗಳ ಸುರುಳಿ ನನ್ನ ಮೇಜಿಗೆ ಬಂತು. ಮೊದಲ ಹಾಳೆಯಲ್ಲಿ ನಾಲ್ಕಿಂಚಿನ ವಾಲ್ವ್ ಇತ್ತು. ಆ ವಾಲ್ವಿನ ಬರೀ ಮೈ 229 ಮಿಲಿಮೀಟರು. ಫ್ಲ್ಯಾಂಜುಗಳ ನಡುವೆ ನೀರು ಸೋರದಂತೆ ಕೂಡಿಸುವ ಬಿಲ್ಲೆಯನ್ನು ನೀವು ಗ್ಯಾಸ್ಕೆಟ್ ಎನ್ನುತ್ತೀರಿ, ನಾವು ಪ್ಯಾಕಿಂಗ್ ಎನ್ನುತ್ತೇವೆ. ಆ ಕಡೆ ಮೂರು, ಈ ಕಡೆ ಮೂರು ಮಿಲಿಮೀಟರಿನ ಪ್ಯಾಕಿಂಗ್ ಕೂಡಿದರೆ ಸಂದು 235. ನನ್ನ ಕೋಷ್ಟಕದಲ್ಲಿ ಇರುವುದು ಅದೇ, ಪ್ಯಾಕಿಂಗ್ ಸಮೇತದ ಅಳತೆ. ನಿಮ್ಮ ಹುಡುಗರು ಪುಸ್ತಕದ 235 ಬರೀ ವಾಲ್ವಿನ ಉದ್ದ ಎಂದು ತಿಳಿದು, ಅದಕ್ಕೆ ಮತ್ತೆ ಎರಡು ಪ್ಯಾಕಿಂಗ್ ಸೇರಿಸಿ 241 ಎಂದು ಬರೆದಿದ್ದರು. ಎರಡನೆಯ ಹಾಳೆಯಲ್ಲೂ ಹಾಗೆ, ಮೂರನೆಯದರಲ್ಲೂ ಹಾಗೆ. ಪ್ರತಿ ವಾಲ್ವಿಗೂ ಸಂದು ಹೆಚ್ಚು, ಪೈಪು ಗಿಡ್ಡ. ಕಳೆದುಹೋದ ನನ್ನ ಮಗು ಯಾರದೋ ಕಂಕುಳಲ್ಲಿ ಕೂತು, ಅವರು ಕಲಿಸಿದ ಸುಳ್ಳು ಹೇಳಿದಂತೆ ಅನಿಸಿತು.

ಇಷ್ಟು ವರ್ಷ ಇದು ಯಾಕೆ ಗೊತ್ತಾಗಲಿಲ್ಲ ಎಂದು ನೀನು ಕೇಳಬಹುದು. ಸಾಮಾನ್ಯವಾಗಿ ಪೈಪಿನ ಕೊನೆಯ ತುಂಡನ್ನು ಉದ್ದವಾಗಿಯೇ ಬಿಟ್ಟು ಕಳಿಸುತ್ತಾರೆ. ಜಾಗದಲ್ಲಿ ನಿಂತವರು ಅಳೆದು, ಕತ್ತರಿಸಿ, ಬೆಸುಗೆ ಹಾಕಿ, ಡಿಸೈನ್ ಮಾಡಿದವನಿಗೆ ಬೈದು ಮನೆಗೆ ಹೋಗುತ್ತಾರೆ. ಬೈಗುಳ ಹೈದರಾಬಾದಿನವರೆಗೆ ಕೇಳಿಸುವುದಿಲ್ಲ. ಈ ಸಲದ ಪೈಪುಗಳು ಹಾಗಲ್ಲ, ತುಂಡು ತುಂಡಾಗಿ ಮಾಡಿ, ಕರಗಿದ ಸತುವಿನಲ್ಲಿ ಅದ್ದಿ ತರುವಂಥವು. ಒಮ್ಮೆ ಅದ್ದಿದ ಮೇಲೆ ಕತ್ತರಿಸುವಂತಿಲ್ಲ, ಬೆಸುಗೆ ಹಾಕಿದರೆ ಲೇಪ ಸುಟ್ಟು ತುಕ್ಕು ಹಿಡಿಯುತ್ತದೆ. ಒಂದೇ ಸಾಲಿನಲ್ಲಿ ಆರೇಳು ವಾಲ್ವುಗಳಿದ್ದರೆ ಪೈಪು ಅಂಗೈ ಅರ್ಧದಷ್ಟು ಗಿಡ್ಡವಾಗುತ್ತದೆ. ಬೋಲ್ಟಿನಿಂದ ಎಳೆದು ಕೂಡಿಸಲು ಹೋದರೆ ಪಂಪಿನ ಬಾಯಿ ಸೀಳುತ್ತದೆ.

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಹಾಲು ಕುಡಿದಷ್ಟು ಖುಷಿ. ನಾನು ಸುಮ್ಮನೆ ಸಹಿ ಹಾಕಿದ್ದರೆ ಪೈಪುಗಳು ಲಾರಿಗಟ್ಟಲೆ ಬಂದು ಬಿದ್ದು, ಒಂದೂ ಕೂಡದೆ, ನಿನ್ನ ಹೆಸರು ವಾಡಿಯಿಂದ ಹೈದರಾಬಾದಿನವರೆಗೆ ಬೀದಿ ಪಾಲಾಗುತ್ತಿತ್ತು. ಆ ಸುರುಳಿಯನ್ನು ಮುಂದಿಟ್ಟುಕೊಂಡು ಊಟದ ಡಬ್ಬಿ ತೆರೆಯದೆ ಕೂತೆ. ಆದರೆ ಸೇಡು ನನಗೆ ನಿನ್ನ ಮೇಲೆ, ಪೈಪಿನ ಮೇಲಲ್ಲ. ಪಂಪು ಸೀಳಿದರೆ ಅದರ ಪಕ್ಕ ನಿಂತಿರುವವನು ನೀನಲ್ಲ, ನಮ್ಮ ಫಿಟ್ಟರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಲ್ಲ ಹಾಳೆಗಳಿಗೂ ಕೆಂಪು ಮಸಿ ಹಾಕಿ, ಕೆಲಸ ನಿಲ್ಲಿಸಿ, ಬಸವಂತರಾಯರ ಮುಂದಿಟ್ಟೆ. ಅವರು ಚಿಂಚೋಳಿ ಕಡೆಯವರು, ಮಾತು ಕಡಿಮೆ. "ಇದು ಯಾರದ್ ತಪ್ಪವಾ? ಹುಡುಗರದೋ, ಪುಸ್ತಕದ್ದೋ?" ಎಂದು ಕೇಳಿದರು. ಪುಸ್ತಕ ಬರೆದವರನ್ನೇ ಕೇಳಬೇಕು ಸರ್, ಹೇಗೆ ಅಳೆದಿರಿ ಎಂದು ಅವರೇ ಹೇಳಲಿ ಎಂದೆ. ನೀನು ನನ್ನ ಅಣ್ಣ ಎಂಬುದು ಅವರಿಗೆ ಗೊತ್ತು. ನನ್ನ ಮುಖವನ್ನೇ ನೋಡಿ, "ನೋಡ್ರಿ ವಂದನಾಬಾಯಿ, ಆಮ್ಯಾಲ ಅಳೋದಿಲ್ಲಲ್ಲ?" ಎಂದರು. ಅಳುವುದೆಲ್ಲ ಮುಗಿದಿದೆ ಸರ್ ಎಂದೆ.

ಹಾಗಾಗಿ ಮಂಗಳವಾರ ನಿಮ್ಮ ದೊಡ್ಡ ಸಾಹೇಬರ ಎದುರಿಗೆ ನಿನಗೆ ಕೇಳುವ ಪ್ರಶ್ನೆ ಇಷ್ಟೇ: ನಿಮ್ಮ ಪುಸ್ತಕದಲ್ಲಿರುವ ವಾಲ್ವಿನ ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆದಿದ್ದೀರಿ? ಮೇಜಿನ ಮೇಲೆ ಒಂದು ಸಣ್ಣ ವಾಲ್ವ್, ಎರಡು ಪ್ಯಾಕಿಂಗ್, ಒಂದು ಟೇಪು ಇಟ್ಟು, ಅಳೆದು ತೋರಿಸಿ ಎನ್ನುತ್ತಾರೆ. ಗಾಬರಿಯಾಗಬೇಡ. ಎರಡೂ ಪ್ಯಾಕಿಂಗನ್ನು ವಾಲ್ವಿನ ಎರಡು ಮುಖಕ್ಕೆ ಹಚ್ಚಿ, ಆ ಹೊರ ಅಂಚಿನಿಂದ ಈ ಹೊರ ಅಂಚಿಗೆ ಟೇಪು ಹಿಡಿ. ಪುಸ್ತಕದ ಅಂಕಿ ತಾನಾಗಿ ಬರುತ್ತದೆ. "ಇದು ಸಂದಿನ ಅಳತೆ, ಹಳೆಯ ಕಾರ್ಖಾನೆಗಳ ಪದ್ಧತಿ, ಹುಡುಗರು ಓದುವಾಗ ತಪ್ಪು ತಿಳಿದಿದ್ದಾರೆ" ಎಂದು ಹೇಳಿದರೆ ತಪ್ಪು ಅವರ ತಲೆಗೆ ಹೋಗುತ್ತದೆ, ನೀನು ಗೆದ್ದೆ. ನಿನ್ನಂಥವನಿಗೆ ಅಷ್ಟು ಹೇಳುವುದೇನು ಕಷ್ಟ? ಇಲ್ಲವೇ ಎದ್ದು ನಿಂತು, ಇದನ್ನು ಅಳೆದವಳು ನನ್ನ ತಂಗಿ, ಅವಳನ್ನೇ ಕೇಳಿ ಎನ್ನು. ಹಾಗಂದರೆ ನಾನು ಎಲ್ಲ ಮರೆತು ಅಲ್ಲಿಯೇ ನಿನ್ನ ಪರವಾಗಿ ಮಾತಾಡುತ್ತೇನೆ, ದೇವರಾಣೆಗೂ. ಇವೆರಡೂ ಗೊತ್ತಿಲ್ಲದವನು ಆ ಟೇಪನ್ನು ಬರೀ ವಾಲ್ವಿಗೆ ಹಿಡಿಯುತ್ತಾನೆ. ತನ್ನ ಪುಸ್ತಕದ ಅಂಕಿ ತನ್ನ ಕೈಯ ಟೇಪಿನಲ್ಲಿ ಬರಲಿಲ್ಲವೆಂದು ಎಲ್ಲರ ಎದುರಿಗೆ ಬೆವರುತ್ತಾನೆ. ಆಗ ಅಳೆದು ತೋರಿಸುವವಳು ಯಾರೆಂದು ನಿನಗೆ ಹೇಳಬೇಕಿಲ್ಲ.

ವೈನಿಗೆ ನನ್ನ ನಮಸ್ಕಾರ, ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ ಎಂದು ಹೇಳು. ಮಕ್ಕಳಿಗೆ ಆಶೀರ್ವಾದ, ಚೆನ್ನಾಗಿ ಓದಲಿ, ಓದಿದ್ದನ್ನು ಯಾರಿಂದ ಕಲಿತೆವೆಂದು ನೆನಪಿಟ್ಟುಕೊಳ್ಳಲಿ. ಅಪ್ಪ ಅವ್ವನಿಗೆ ಈ ಪತ್ರದ ವಿಷಯ ತಿಳಿಸಿಲ್ಲ, ತಿಳಿಸುವುದೂ ಇಲ್ಲ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೋ. ಮಂತ್ರಾಲಯದ ಗುರುರಾಯರು ನಿನಗೆ ಆಯುಷ್ಯ ಕೊಡಲಿ, ಬುದ್ಧಿಯನ್ನೂ ಕೊಡಲಿ.

ಇಂತು ನಿನ್ನ ತಂಗಿ,
ವಂದನಾ

ತಾ. ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಬಟ್ಟೆ ಮಡಿಚಿಟ್ಟುಕೊಳ್ಳಬೇಕು. ಇವರು ಕುರಿಯರಿಗೆ ಕೊಡಲೇ ಎಂದರು, ಬೇಡವೆಂದೆ. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ನಾಳೆ ಬೆಳಿಗ್ಗೆ ಇದನ್ನು ವಾಡಿ ಸ್ಟೇಷನ್ನಿನ ಅಂಚೆ ಡಬ್ಬಿಗೆ ಹಾಕಿ, ಬಸವಂತರಾಯರ ಜೊತೆ ಹೈದರಾಬಾದಿನ ಗಾಡಿ ಹತ್ತುತ್ತೇನೆ. ವಾಲ್ವು, ಪ್ಯಾಕಿಂಗು, ಟೇಪು ನನ್ನ ಚೀಲದಲ್ಲಿವೆ. ನಾನು ಮಂಗಳವಾರ ನಿಮ್ಮ ಆಫೀಸಿನಲ್ಲಿರುತ್ತೇನೆ, ಈ ಪತ್ರ ನಿನ್ನ ಕೈಗೆ ಸೇರುವುದು ಗುರುವಾರ. ಲಕೋಟೆಯಲ್ಲಿ ರಾಖಿ ಇಟ್ಟಿದ್ದೇನೆ. ನೂಲ ಹುಣ್ಣಿಮೆ ಗುರುವಾರವೇ, ಅದಕ್ಕೇನೂ ತಡವಾಗುವುದಿಲ್ಲ.